ರಕ್ತಚಂದನಕ್ಕೆ ರಫ್ತಿನ ದಾರಿ, ಶ್ರೀಗಂಧಕ್ಕೆ ಕಾವಲು: ಯಾವ ಮರ ಎಷ್ಟು ಅಪಾಯದಲ್ಲಿದೆ?

ರಕ್ತಚಂದನದ ಬಗ್ಗೆ ಕಳೆದ ಕೆಲವು ವರ್ಷಗಳಲ್ಲಿ ಬಂದ ಸುದ್ದಿಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ತಲೆ ಕೆಡುತ್ತದೆ. 2018ರಲ್ಲಿ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಸಂರಕ್ಷಣಾ ಒಕ್ಕೂಟ ಈ ಮರವನ್ನು ಅಳಿವಿನಂಚಿನ ವರ್ಗದಿಂದ ಕೆಳಗಿಳಿಸಿತು. ಅಪಾಯ ಕಡಿಮೆಯಾಯಿತು ಎಂದು ಜನ ಅಂದುಕೊಂಡರು. 2022ರ ಆರಂಭದ ಹೊತ್ತಿಗೆ ಅದೇ ಮರ ಮತ್ತೆ ಅಳಿವಿನಂಚಿಗೆ ಬಂತು ಎಂಬ ಸುದ್ದಿ. ಸರಿ, ಇನ್ನು ವ್ಯಾಪಾರ ಬಿಗಿಯಾಗುತ್ತದೆ ಅಂದುಕೊಳ್ಳುವಷ್ಟರಲ್ಲಿ, 2023ರ ನವೆಂಬರ್‌ನಲ್ಲಿ ಜಿನೀವಾದ ಸಭೆಯಲ್ಲಿ, ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಸ್ಥಾಯಿ ಸಮಿತಿ ಭಾರತದ ರಕ್ತಚಂದನವನ್ನು ವಿಶೇಷ ನಿಗಾ ಪ್ರಕ್ರಿಯೆಯಿಂದ ಕೈಬಿಟ್ಟಿತು. ಬೆಳೆಗಾರರಿಗೆ ರಫ್ತಿನ ದಾರಿ ಸಲೀಸಾಯಿತು ಎಂದು ಕೇಂದ್ರ ಸರ್ಕಾರ ಹೇಳಿತು.

ಅಳಿಯುತ್ತಿರುವ ಮರವನ್ನು ಮಾರಲು ಅನುಮತಿಯೇ? ಇದು ಮೊದಲ ಗೊಂದಲ. ಎರಡನೆಯದು ನಮ್ಮ ಕರ್ನಾಟಕದ್ದು. ಬೆಂಗಳೂರಿನ ಸುತ್ತಮುತ್ತ ದಿಮ್ಮಿ ಸಿಕ್ಕಾಗಲೆಲ್ಲ "ಚಂದನ ವಶ" ಎಂಬ ತಲೆಬರಹ ಬರುತ್ತದೆ. ಓದಿದ ಅರ್ಧದಷ್ಟು ಮಂದಿಯ ಮನಸ್ಸಿಗೆ ಬರುವುದು ಶ್ರೀಗಂಧ. ಎರಡೂ ಒಂದೇ ಜಾತಿಯ ಬಿಳಿ, ಕೆಂಪು ಬಗೆಗಳು ಎಂಬ ನಂಬಿಕೆಯೂ ಇದೆ. ನರ್ಸರಿಗಳ ಜಾಹೀರಾತು ಇದಕ್ಕೆ ಇನ್ನಷ್ಟು ಗಾಳಿ ಹಾಕುತ್ತದೆ.

ಈ ಎರಡು ಗೊಂದಲಕ್ಕೂ ಬೇರು ಒಂದೇ. ಮರ ಯಾವುದು, ಅದು ಎಲ್ಲಿ ಬದುಕುತ್ತದೆ, ಯಾವ ಪಟ್ಟಿ ಏನನ್ನು ಅಳೆಯುತ್ತದೆ ಎಂಬ ಮೂರು ಪ್ರಶ್ನೆಗಳನ್ನು ನಾವು ಒಂದರೊಳಗೊಂದು ಕಲಸಿಬಿಡುತ್ತೇವೆ. ಬಿಡಿಸಿ ನೋಡಿದರೆ ಸುದ್ದಿ ಅಷ್ಟೇನೂ ವಿಚಿತ್ರವಾಗಿ ಕಾಣುವುದಿಲ್ಲ.

ಹೆಸರಿಗಷ್ಟೇ ನೆಂಟಸ್ತನ

ಶ್ರೀಗಂಧದ ವೈಜ್ಞಾನಿಕ ಹೆಸರು ಸ್ಯಾಂಟಾಲಮ್ ಆಲ್ಬಮ್. ಅದರ ಕುಟುಂಬ ಸ್ಯಾಂಟಲೇಸಿ, ಗಣ ಸ್ಯಾಂಟಲೇಲೀಸ್. ಈ ಗಣದಲ್ಲಿ ನಮಗೆಲ್ಲ ಗೊತ್ತಿರುವ ಇನ್ನೊಂದು ಗಿಡವಿದೆ: ಮಾವಿನ ಕೊಂಬೆಗೆ ಅಂಟಿಕೊಂಡು ಬೆಳೆಯುವ ಬದನಿಕೆ. ಪರರ ರಸ ಹೀರುವ ಗುಣ ಈ ಬಳಗಕ್ಕೇ ಇದೆ. ಶ್ರೀಗಂಧ ಕೊಂಬೆಯ ಮೇಲೆ ಕೂರುವುದಿಲ್ಲ, ನೆಲದಡಿ ಕೆಲಸ ಮಾಡುತ್ತದೆ. ಅದರ ಬೇರು ಪಕ್ಕದ ಗಿಡದ ಬೇರಿಗೆ ಹೀರುಗೊಂಡಿ ಚುಚ್ಚಿ ನೀರು, ಪೋಷಕಾಂಶ ಎಳೆದುಕೊಳ್ಳುತ್ತದೆ. ಎಲೆ ಹಸಿರಾಗಿರುವುದರಿಂದ ತನ್ನ ಅಡುಗೆಯನ್ನೂ ತಾನು ಮಾಡಿಕೊಳ್ಳುತ್ತದೆ. ಹಾಗಾಗಿ ಇದು ಅರೆ ಪರಾವಲಂಬಿ.

ರಕ್ತಚಂದನ ಟೆರೊಕಾರ್ಪಸ್ ಸ್ಯಾಂಟಲೈನಸ್. ಕುಟುಂಬ ಫ್ಯಾಬೇಸಿ, ಅಂದರೆ ಅವರೆ, ತೊಗರಿ, ಹೊಂಗೆಯ ಮನೆತನ. ಮಲೆನಾಡಿನವರಿಗೆ ಚೆನ್ನಾಗಿ ಗೊತ್ತಿರುವ ಹೊನ್ನೆ ಮರ ಇದಕ್ಕೆ ಒಡಹುಟ್ಟಿದ ಹಾಗೆ, ಎರಡೂ ಒಂದೇ ಕುಲದವು. ಹೂ ಬಿಡುವ ಗಿಡಗಳ ವಂಶವೃಕ್ಷದಲ್ಲಿ ಶ್ರೀಗಂಧ ಒಂದು ಕಡೆ, ರಕ್ತಚಂದನ ಇನ್ನೊಂದು ಕಡೆ. ಗಂಧ ನೆಡುವ ರೈತರು ಅದರ ಪಕ್ಕ ತೊಗರಿ, ಹೊಂಗೆ, ಅಕೇಶಿಯದಂಥ ಆಸರೆ ಗಿಡ ಹಾಕುತ್ತಾರಲ್ವಾ? ಅವೆಲ್ಲ ರಕ್ತಚಂದನದ ಮನೆಯವು. ಗಾಳಿಯ ಸಾರಜನಕವನ್ನು ಹಿಡಿದಿಡುವ ಶಕ್ತಿ ಈ ಗಿಡಗಳ ಬೇರಿನ ಗಂಟುಗಳಲ್ಲಿದೆ. ಗಂಧಕ್ಕೆ ಬೇಕಾದದ್ದೂ ಅದೇ.

ಹೂವನ್ನು ಹತ್ತಿರದಿಂದ ನೋಡಿದರೆ ವ್ಯತ್ಯಾಸ ಕಣ್ಣಿಗೇ ಬೀಳುತ್ತದೆ. ಗಂಧದ ಹೂ ಪುಟ್ಟದು, ನಾಲ್ಕು ಎಸಳಿನಂಥ ಭಾಗಗಳಿರುತ್ತವೆ. ಅರಳಿದಾಗ ಒಣಹುಲ್ಲಿನ ಬಣ್ಣ, ದಿನ ಕಳೆದಂತೆ ಕಡುಕೆಂಪಿಗೆ ತಿರುಗುತ್ತದೆ. ಮರಕ್ಕೆ ಅಷ್ಟು ಹೆಸರು ತಂದ ಪರಿಮಳ ಹೂವಿನಲ್ಲಿಲ್ಲ. ಹಣ್ಣು ಕಪ್ಪು ನೇರಳೆ ಬಣ್ಣದ ಗುಂಡು ಕಾಯಿ, ಒಳಗೊಂದು ಗಟ್ಟಿ ಬೀಜ. ಪಿಕಳಾರ, ಕೋಗಿಲೆಯಂಥ ಹಕ್ಕಿಗಳು ತಿಂದು ಬೇಲಿಸಾಲಿನಲ್ಲಿ ಬೀಜ ಉದುರಿಸುತ್ತವೆ. ಹೊಲದ ಬದುವಿನಲ್ಲಿ ಯಾರೂ ನೆಡದ ಗಂಧದ ಸಸಿ ಏಳುವುದು ಹೀಗೆ. ರಕ್ತಚಂದನದ್ದು ಹಳದಿ ಹೂ, ಗೊಂಚಲಾಗಿ ಬೇಸಿಗೆಯಲ್ಲಿ ಅರಳುತ್ತದೆ, ಅವರೆ ಹೂವಿನದೇ ಅಚ್ಚು. ಒಂದೊಂದು ಎಲೆಯಲ್ಲಿ ಸಾಮಾನ್ಯವಾಗಿ ಮೂರು ದುಂಡು ಕಿರುಎಲೆಗಳು. ಕಾಯಿ ಚಪ್ಪಟೆ, ಸುತ್ತ ರೆಕ್ಕೆಯಂಥ ಅಂಚು. ಅದಕ್ಕೆ ಹಕ್ಕಿ ಬೇಕಿಲ್ಲ, ಗಾಳಿ ಸಾಕು.

ಮನೆಯಲ್ಲೇ ಪರೀಕ್ಷೆ ಮಾಡಬೇಕೆಂದರೆ ಸಾಣೆಕಲ್ಲು ಸಾಕು. ಶ್ರೀಗಂಧದ ಕೊರಡನ್ನು ನೀರು ಹಾಕಿ ತೇಯ್ದರೆ ತಿಳಿ ಹಳದಿಯ ಲೇಪ ಬರುತ್ತದೆ, ಜೊತೆಗೆ ಪರಿಮಳ. ರಕ್ತಚಂದನವನ್ನು ತೇಯ್ದರೆ ಕೆಂಪು ಲೇಪ, ಆದರೆ ಗಂಧದ ಆ ಪರಿಮಳ ಇಲ್ಲ. ಒಂದರ ಬೆಲೆ ಅದರೊಳಗಿನ ಸ್ಯಾಂಟಲಾಲ್ ಎಂಬ ಎಣ್ಣೆಯ ಅಂಶದಲ್ಲಿದೆ. ಇನ್ನೊಂದರ ಬೆಲೆ ಸ್ಯಾಂಟಲಿನ್ ಎಂಬ ಕೆಂಪು ಬಣ್ಣದಲ್ಲಿ ಮತ್ತು ನೀರಿಗೆ ಹಾಕಿದರೆ ಮುಳುಗುವಷ್ಟು ಭಾರವಾದ ಕಟ್ಟಿಗೆಯಲ್ಲಿದೆ. ದಸರಾ ಗೊಂಬೆಗಳ ಸಾಲಿನಲ್ಲಿ ಮೊದಲು ಕೂರಿಸುವ ಹಳೆಯ ಪಟ್ಟದ ಗೊಂಬೆಗಳು ಎಷ್ಟೋ ಮನೆಗಳಲ್ಲಿ ಇದೇ ರಕ್ತಚಂದನದವು.

ಈ ಬೆಲೆಯ ವ್ಯತ್ಯಾಸವೇ ಮುಂದೆ ಕಳ್ಳತನದ ರೀತಿಯನ್ನೂ ಬದಲಿಸುತ್ತದೆ. ಅದನ್ನು ಆಮೇಲೆ ನೋಡೋಣ.

ಒಂದರ ಮನೆ ದೊಡ್ಡದು, ಇನ್ನೊಂದರದು ಚಿಕ್ಕದು

ಶ್ರೀಗಂಧ ದಕ್ಷಿಣದ ಪ್ರಸ್ಥಭೂಮಿಯ ಒಣ ಎಲೆಯುದುರುವ ಕಾಡಿನ ಮರ. ಭಾರತದಲ್ಲಿ ಅದರ ಸಹಜ ಹರವು ಸುಮಾರು 9,000 ಚದರ ಕಿಲೋಮೀಟರ್ ಎಂಬ ಹಳೆಯ ಅಂದಾಜಿದೆ. ಅದರಲ್ಲಿ ಬಹುಪಾಲು ಕರ್ನಾಟಕ ಮತ್ತು ತಮಿಳುನಾಡಿನದು. ಕೇರಳದ ಮರಯೂರಿನಲ್ಲಿ ಇಂದಿಗೂ ದೊಡ್ಡ ಗಂಧದ ಕಾಡು ಉಳಿದಿದೆ. ಇದರಾಚೆಗೆ ತಿಮೋರ್, ಇಂಡೋನೇಷ್ಯಾದ ಪೂರ್ವದ ದ್ವೀಪಗಳು, ಉತ್ತರ ಆಸ್ಟ್ರೇಲಿಯಾದ ಅಂಚಿನಲ್ಲೂ ಈ ಮರ ಕಾಣುತ್ತದೆ. ಶ್ರೀಗಂಧ ಮೂಲತಃ ಎಲ್ಲಿಯದು ಎಂಬ ಜಗಳ ಸಸ್ಯಶಾಸ್ತ್ರಜ್ಞರಲ್ಲಿ ಹಳೆಯದು. ಅದು ಇಲ್ಲಿ ಬೇಡ. ನಮ್ಮ ವಿಷಯಕ್ಕೆ ಮುಖ್ಯವಾದದ್ದು ಇಷ್ಟೇ: ಗಂಧದ ಮನೆ ವಿಶಾಲ, ಹಲವು ಕಡೆ ಹರಡಿಕೊಂಡಿದೆ.

ರಕ್ತಚಂದನಕ್ಕೆ ಆ ಭಾಗ್ಯವಿಲ್ಲ. ಜಗತ್ತಿನಲ್ಲಿ ಅದು ಸಹಜವಾಗಿ ಬೆಳೆಯುವುದು ಪೂರ್ವಘಟ್ಟದ ದಕ್ಷಿಣ ತುದಿಯಲ್ಲಿ. ಶೇಷಾಚಲ, ಪಾಲಕೊಂಡ, ಲಂಕಮಲ, ವೆಲಿಗೊಂಡ ಬೆಟ್ಟಸಾಲುಗಳು. ಕಡಪ, ಚಿತ್ತೂರು, ತಿರುಪತಿ, ನೆಲ್ಲೂರು ಕಡೆಯ ಪ್ರದೇಶ. ಅಲ್ಲಿಂದ ಅಕ್ಕಪಕ್ಕಕ್ಕೆ ಒಂದಿಷ್ಟು ಚದುರಿದೆ, ಅಷ್ಟೇ. ಕಲ್ಲು ತುಂಬಿದ ಇಳಿಜಾರು, ತೆಳು ಮಣ್ಣು, ಸುಡು ಬಿಸಿಲು, ಕಡಿಮೆ ಮಳೆ. ಬೇರೆ ಮರಗಳು ಬೇಡವೆನ್ನುವ ಜಾಗದಲ್ಲಿ ಇದು ನಿಧಾನವಾಗಿ, ಹಟ ಹಿಡಿದು ಬೆಳೆಯುತ್ತದೆ. ಕೆಂಪು ತಿರುಳು ಚೆನ್ನಾಗಿ ಕೂಡಿಕೊಳ್ಳಲು ದಶಕಗಳೇ ಬೇಕು.

ಇದರ ಪರಿಣಾಮ ದೊಡ್ಡದು. ಗಂಧ ಒಂದು ಜಿಲ್ಲೆಯಲ್ಲಿ ಮುಗಿದರೆ ಇನ್ನೊಂದು ಜಿಲ್ಲೆಯಲ್ಲಿ ಉಳಿದಿರಬಹುದು. ರಕ್ತಚಂದನ ಆ ಬೆಟ್ಟಗಳಲ್ಲಿ ಮುಗಿದರೆ ಜಗತ್ತಿನ ಯಾವ ಕಾಡಿನಲ್ಲೂ ಇರುವುದಿಲ್ಲ. ಸಂರಕ್ಷಣೆಯ ಲೆಕ್ಕದಲ್ಲಿ ಈ ಒಂದು ವಿಷಯ ಉಳಿದ ಎಷ್ಟೋ ವಿಷಯಗಳಿಗಿಂತ ಭಾರ.

ಪಟ್ಟಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಈಗ ಆ ಪಟ್ಟಿಗಳಿಗೆ ಬರೋಣ. ಐಯುಸಿಎನ್‌ನ ಕೆಂಪು ಪಟ್ಟಿ ಕಾಡಿನ ಸಂತತಿಯ ಆರೋಗ್ಯ ತಪಾಸಣೆ. ಕಾನೂನಿನ ಬಲ ಅದಕ್ಕಿಲ್ಲ. ಅದರ ಮುಖ್ಯ ಅಳತೆಗೋಲುಗಳಲ್ಲಿ ಒಂದು ಹೀಗಿದೆ: ಹತ್ತು ವರ್ಷ ಅಥವಾ ಮೂರು ತಲೆಮಾರು, ಇವೆರಡರಲ್ಲಿ ಯಾವುದು ದೀರ್ಘವೋ ಅಷ್ಟು ಕಾಲದಲ್ಲಿ ಸಂತತಿ ಎಷ್ಟು ಕುಗ್ಗಿದೆ? ಕುಸಿತದ ಕಾರಣ ಇನ್ನೂ ನಿಂತಿಲ್ಲದಿದ್ದಾಗ, ಶೇಕಡಾ 30ರಷ್ಟು ಕುಗ್ಗಿದ್ದರೆ 'ವಲ್ನರಬಲ್', ಅಂದರೆ ಅಪಾಯಕ್ಕೆ ಈಡಾಗಬಲ್ಲದ್ದು. ಶೇಕಡಾ 50 ದಾಟಿದರೆ 'ಎಂಡೇಂಜರ್ಡ್', ಅಳಿವಿನಂಚು. ಶೇಕಡಾ 80 ದಾಟಿದರೆ ಅದಕ್ಕೂ ಮೇಲಿನ ತೀವ್ರ ಅಪಾಯ. ಈ ಗೆರೆಗಳ ಹತ್ತಿರ ಇದ್ದು ಇನ್ನೂ ದಾಟದಿದ್ದರೆ 'ನಿಯರ್ ಥ್ರೆಟನ್ಡ್'.

ಶ್ರೀಗಂಧ 1998ರಲ್ಲೇ ವಲ್ನರಬಲ್ ವರ್ಗದಲ್ಲಿತ್ತು. 2019ರ ಪರಿಶೀಲನೆಯಲ್ಲೂ ಅಲ್ಲೇ ಉಳಿಯಿತು. ರಕ್ತಚಂದನ 1998ರಲ್ಲಿ ಎಂಡೇಂಜರ್ಡ್, 2018ರಲ್ಲಿ ನಿಯರ್ ಥ್ರೆಟನ್ಡ್, ನಂತರದ ಮೌಲ್ಯಮಾಪನದಲ್ಲಿ ಮತ್ತೆ ಎಂಡೇಂಜರ್ಡ್. ಮೂರು ತಲೆಮಾರಿನಲ್ಲಿ ಶೇಕಡಾ 50ರಿಂದ 80ರಷ್ಟು ಕುಗ್ಗಿದೆ ಎಂಬುದು ಕೊನೆಯ ಅಂದಾಜು.

ಹಾಗಾದರೆ 2018ರಿಂದ ಮೂರ್ನಾಲ್ಕು ವರ್ಷದಲ್ಲಿ ಅರ್ಧ ಕಾಡು ಮಾಯವಾಯಿತೇ? ಇಲ್ಲ. ನಿಧಾನ ಬೆಳೆಯುವ ಮರಕ್ಕೆ ಮೂರು ತಲೆಮಾರು ಅಂದರೆ ಅನೇಕ ದಶಕಗಳ ಲೆಕ್ಕ. ಅಷ್ಟು ಹಿಂದೆ ಎಷ್ಟು ಮರಗಳಿದ್ದವು ಎಂದು ಯಾರೂ ಎಣಿಸಿಟ್ಟಿಲ್ಲ. ಸಿಕ್ಕ ದಿಮ್ಮಿ, ಉಳಿದ ಮರಗಳ ದಪ್ಪ, ಕಾಡಿನ ವಿಸ್ತಾರ ನೋಡಿ ಹಿಂದಕ್ಕೆ ಲೆಕ್ಕ ಹಾಕಬೇಕು. ಅಂದಾಜು ಸ್ವಲ್ಪ ಆಚೀಚೆ ಆದರೂ ಮರ ಒಂದು ಗೆರೆಯಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ವರ್ಗ ಬದಲಾದ ವೇಗದಲ್ಲಿ ಕಾಡು ಬದಲಾಗಿಲ್ಲ. ಪತ್ರಿಕೆಯ ತಲೆಬರಹ ಮಾತ್ರ ಹಾಗೆ ಕೇಳಿಸುತ್ತದೆ.

ಸೈಟಿಸ್ ಬೇರೆಯೇ ಯಂತ್ರ. ಅದು ದೇಶಗಳ ನಡುವಿನ ವ್ಯಾಪಾರದ ಒಪ್ಪಂದ. ಭಾರತ 1976ರಿಂದ ಅದರ ಸದಸ್ಯ. ರಕ್ತಚಂದನ 1995ರಿಂದ ಅದರ ಎರಡನೇ ಅನುಬಂಧದಲ್ಲಿದೆ. ಎರಡನೇ ಅನುಬಂಧ ಎಂದರೆ ವ್ಯಾಪಾರ ನಿಷೇಧ ಅಲ್ಲ, ಪರವಾನಗಿ ಇದ್ದರೆ ಮಾತ್ರ ವ್ಯಾಪಾರ. ಈ ರಫ್ತಿನಿಂದ ಕಾಡಿನ ಸಂತತಿಗೆ ಧಕ್ಕೆ ಇಲ್ಲ ಎಂದು ರಫ್ತು ಮಾಡುವ ದೇಶ ತೋರಿಸಬೇಕು. ಅನುಬಂಧದಲ್ಲಿ ಹೆಸರಿಸಿರುವುದು ದಿಮ್ಮಿ, ಚಕ್ಕೆ, ಪುಡಿ ಮತ್ತು ಸಾರವನ್ನು. ಕೆತ್ತಿ ಮುಗಿಸಿದ ಪೀಠೋಪಕರಣ ಈ ಮಾತಿನೊಳಗೆ ಬರುವುದಿಲ್ಲ. ಸಣ್ಣ ಅಕ್ಷರದ ಈ ವಿವರಕ್ಕೆ ವ್ಯಾಪಾರದಲ್ಲಿ ಬೆಲೆ ಜಾಸ್ತಿ.

2004ರಿಂದ ಭಾರತದ ರಕ್ತಚಂದನ ವ್ಯಾಪಾರ ಸೈಟಿಸ್‌ನ ವಿಶೇಷ ಪರಿಶೀಲನೆಯಲ್ಲಿತ್ತು. 2023ರಲ್ಲಿ ತೆಗೆದದ್ದು ಈ ಪರಿಶೀಲನೆಯನ್ನು. ಎರಡನೇ ಅನುಬಂಧದಲ್ಲಿ ಮರ ಈಗಲೂ ಇದೆ. ಕಾಡಿನ ಮರ ಕಡಿದು ರಫ್ತು ಮಾಡುವುದು ಈಗಲೂ ನಿಷಿದ್ಧ. ದಾರಿ ತೆರೆದಿರುವುದು ರೈತರು ಬೆಳೆದ ಮರಕ್ಕೆ ಮತ್ತು ಕಳ್ಳರಿಂದ ವಶಪಡಿಸಿಕೊಂಡ ದಾಸ್ತಾನಿಗೆ. ವಶಪಡಿಸಿಕೊಂಡ ಮರದಲ್ಲಿ ಒಂದು ಬಾರಿಗೆ 11,806 ಟನ್, ಬೆಳೆಸಿದ ಮರದಲ್ಲಿ ವರ್ಷಕ್ಕೆ 310 ಟನ್ ಎಂಬ ಕೋಟಾ ಬಹಳ ಹಿಂದಿನಿಂದ ಚರ್ಚೆಯಲ್ಲಿದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಬೆಳೆದದ್ದಕ್ಕಿಂತ ಕದ್ದು ಸಿಕ್ಕಿಬಿದ್ದದ್ದು ಎಷ್ಟೋ ಪಟ್ಟು ಜಾಸ್ತಿ. ಈ ಮರದ ಕಥೆ ಹೇಳಲು ಆ ಎರಡು ಅಂಕಿ ಸಾಕು.

ಶ್ರೀಗಂಧ? ಅದು ಸೈಟಿಸ್ ಅನುಬಂಧದಲ್ಲೇ ಇಲ್ಲ. ವಿಚಿತ್ರ ಎಂದರೆ ಅದರ ಆಫ್ರಿಕಾದ ನೆಂಟ, ಪೂರ್ವ ಆಫ್ರಿಕಾದ ಗಂಧ ಎಂದು ಮಾರುವ ಆಸೈರಿಸ್ ಲ್ಯಾನ್ಸಿಯೊಲೇಟಾ, 2013ರಿಂದ ಎರಡನೇ ಅನುಬಂಧದಲ್ಲಿದೆ. ಭಾರತದ ಗಂಧ ಸಿಗುವುದು ಕಡಿಮೆಯಾದಂತೆ ಎಣ್ಣೆ ವ್ಯಾಪಾರ ಅತ್ತ ಹೊರಳಿ, ಕೆನ್ಯಾ, ತಾಂಜಾನಿಯಾದ ಮರಗಳಿಗೆ ಕೊಡಲಿ ಬಿತ್ತು. ಒಂದು ಮರವನ್ನು ಕಾಯದಿದ್ದರೆ ಪೆಟ್ಟು ಇನ್ನೊಂದು ಖಂಡದಲ್ಲಿ ಬೀಳುತ್ತದೆ.

ಇವೆರಡರ ಕೆಳಗೆ ನಮ್ಮ ಕಾನೂನುಗಳಿವೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಸೈಟಿಸ್ ಪಟ್ಟಿಯ ಜೀವಿಗಳಿಗೆ ಪ್ರತ್ಯೇಕ ಅನುಸೂಚಿ ತಂದಿತು. ರಕ್ತಚಂದನ ಆ ಬಾಗಿಲಿನಿಂದ ಒಳಗೆ ಬರುತ್ತದೆ. ಶ್ರೀಗಂಧವನ್ನು ಕಾಯುವುದು ಮುಖ್ಯವಾಗಿ ರಾಜ್ಯಗಳ ಅರಣ್ಯ ಕಾಯ್ದೆಗಳು. ಹಾಗಾಗಿ ನಮ್ಮ ರೈತನಿಗೆ ಗಂಧದ ವಿಷಯದಲ್ಲಿ ಎದುರಾಗುವುದು ರಾಜ್ಯದ ಅರಣ್ಯ ಇಲಾಖೆ, ರಕ್ತಚಂದನ ರಫ್ತಿನ ವಿಷಯದಲ್ಲಿ ಎದುರಾಗುವುದು ದೆಹಲಿಯ ಕಚೇರಿಗಳು ಮತ್ತು ಅವುಗಳ ಹಿಂದೆ ಜಿನೀವಾ.

ರಾಜವೃಕ್ಷದ ಬಿಸಿ

ಗಂಧ ಕರಗಿದ್ದು ಬರೀ ಕಳ್ಳರಿಂದ ಎಂದು ಹೇಳಿದರೆ ಅರ್ಧ ಸತ್ಯ. ಟಿಪ್ಪು 1792ರಲ್ಲಿ ಶ್ರೀಗಂಧವನ್ನು ರಾಜವೃಕ್ಷ ಎಂದು ಘೋಷಿಸಿದ. ಆಮೇಲೆ ಬಂದ ಮೈಸೂರು ಸರ್ಕಾರವೂ, ಸ್ವಾತಂತ್ರ್ಯಾನಂತರದ ಸರ್ಕಾರವೂ ಅದೇ ದಾರಿ ಹಿಡಿದವು. ಮರ ಯಾರ ಜಮೀನಿನಲ್ಲಿ ಇದ್ದರೂ ಸರ್ಕಾರದ್ದು. ಕಾದುಕೊಳ್ಳುವ ಹೊಣೆ ಮಾತ್ರ ಜಮೀನಿನವನದು. ಮರ ಕಳುವಾದರೆ ಪ್ರಶ್ನೆ ಅವನಿಗೇ.

ಇದರಿಂದ ಏನಾಯಿತು? ಹಕ್ಕಿ ಉದುರಿಸಿದ ಬೀಜದಿಂದ ಬದುವಿನಲ್ಲಿ ಸಸಿ ಎದ್ದರೆ ರೈತ ಸದ್ದಿಲ್ಲದೆ ಕಿತ್ತು ಹಾಕಿದ. ಲಾಭವಿಲ್ಲದ ಮೇಲೆ ಸುಮ್ನೆ ತಲೆನೋವು ಯಾಕೆ? ರಕ್ಷಣೆಗೆಂದು ಮಾಡಿದ ಕಾನೂನೇ ಕಾಡಿನ ಹೊರಗಿನ ಗಂಧವನ್ನು ಮೊಳಕೆಯಲ್ಲೇ ಚಿವುಟಿತು. ಇದು ಗೊತ್ತಾಗಿ ತಿದ್ದಿಕೊಳ್ಳಲು ಎರಡು ಶತಮಾನ ಬೇಕಾಯಿತು. 2001ರಲ್ಲಿ ಕರ್ನಾಟಕ ತನ್ನ 1963ರ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು ಜಮೀನಿನವನನ್ನೇ ಮರದ ಒಡೆಯನನ್ನಾಗಿ ಮಾಡಿತು. ಮುಂದಿನ ವರ್ಷ ತಮಿಳುನಾಡು ಹಿಂಬಾಲಿಸಿತು. 2022ರಲ್ಲಿ ಕರ್ನಾಟಕ ಶ್ರೀಗಂಧ ನೀತಿ ತಂದು ಮಾರಾಟವನ್ನು ಇನ್ನಷ್ಟು ಸಡಿಲಿಸಲು ಹೊರಟಿತು.

ಕಾಡಿನೊಳಗೆ ಬೇರೆ ಕಥೆ ನಡೆಯಿತು. ಗಂಧದ ಎಣ್ಣೆ ಬೇರಿನಲ್ಲಿ ಜಾಸ್ತಿ. ಆದ್ದರಿಂದ ಕಳ್ಳ ಮರ ಕಡಿದು ಬೊಡ್ಡೆ ಬಿಟ್ಟು ಹೋಗುವುದಿಲ್ಲ, ಬೇರು ಸಮೇತ ಅಗೆಯುತ್ತಾನೆ. ಬೊಡ್ಡೆ, ಬೇರು ಉಳಿದಿದ್ದರೆ ಅಲ್ಲಿಂದ ಮತ್ತೆ ಚಿಗುರು ಬರುತ್ತಿತ್ತು. ಅದೂ ಹೋಯಿತು. ದಪ್ಪ ಮರಗಳು ಮುಗಿದ ಮೇಲೆ ತೆಳು ಮರಗಳಿಗೆ ಕೈ ಬಿತ್ತು. ಬೀಜ ಕೊಡುವ ಮರಗಳೇ ಇಲ್ಲವಾದವು. ಉಳಿದ ಮರಗಳು ದೂರದೂರವಾಗಿ, ಪರಕೀಯ ಪರಾಗಸ್ಪರ್ಶ ಕಡಿಮೆಯಾಗಿ ಬೀಜದ ಗುಣವೂ ಇಳಿಯುವ ಸ್ಥಿತಿ ಬಂತು. ವೀರಪ್ಪನ್ 2004ರಲ್ಲಿ ಸತ್ತ. ಗಂಧದ ಕಳ್ಳತನ ಅವನ ಜೊತೆ ಸಾಯಲಿಲ್ಲ, ಅದು ಬೆಂಗಳೂರಿನ ಬಂಗಲೆಗಳ ಕಾಂಪೌಂಡಿಗೂ ಬಂತು.

ಜೊತೆಗೆ ರೋಗ. ಸ್ಪೈಕ್ ರೋಗ ಮೊದಲು ದಾಖಲಾದದ್ದು 1899ರಲ್ಲಿ, ಕೊಡಗಿನಲ್ಲಿ. ಎಲೆಗಳು ಚಿಕ್ಕದಾಗುತ್ತಾ, ಸೆಟೆದು ನಿಂತು, ಕೊಂಬೆ ಬ್ರಷ್‌ನಂತೆ ಕಾಣತೊಡಗುತ್ತದೆ. ಹೂ, ಕಾಯಿ ನಿಲ್ಲುತ್ತದೆ. ಕೆಲವೇ ವರ್ಷಗಳಲ್ಲಿ ಮರ ಸಾಯುತ್ತದೆ. ಫೈಟೊಪ್ಲಾಸ್ಮ ಎಂಬ ಸೂಕ್ಷ್ಮಜೀವಿ ಕಾರಣ, ರಸ ಹೀರುವ ಜಿಗಿಹುಳಗಳು ವಾಹಕ. ಒಂದು ಶತಮಾನ ದಾಟಿದರೂ ಕಾಡಿನಲ್ಲಿ ಹಾಕಬಹುದಾದ ಮದ್ದು ಸಿಕ್ಕಿಲ್ಲ.

ಇಷ್ಟೆಲ್ಲ ಸೇರಿ 20ನೇ ಶತಮಾನದ ಮಧ್ಯದಲ್ಲಿ ವರ್ಷಕ್ಕೆ ಸುಮಾರು 4,000 ಟನ್ ಇದ್ದ ದೇಶದ ಗಂಧದ ಉತ್ಪಾದನೆ, ಈ ಶತಮಾನ ಶುರುವಾಗುವ ಹೊತ್ತಿಗೆ ಕೆಲವು ನೂರು ಟನ್‌ಗೆ ಇಳಿಯಿತು. ಆ ಜಾಗವನ್ನು ತುಂಬಿದ್ದು ಯಾರು? ಪಶ್ಚಿಮ ಆಸ್ಟ್ರೇಲಿಯಾದ ಕುನುನುರ್ರಾ ಸುತ್ತ ಸಾವಿರಾರು ಹೆಕ್ಟೇರ್‌ನಲ್ಲಿ ನೀರಾವರಿ ಹಾಕಿ ಬೆಳೆದ, ನಮ್ಮದೇ ಜಾತಿಯ ಗಂಧ.

ಶೇಷಾಚಲದಲ್ಲಿ ಬೇರೆ ಲೆಕ್ಕ

ರಕ್ತಚಂದನಕ್ಕೆ ದೇಶದೊಳಗೆ ಬೇಡಿಕೆ ಚಿಕ್ಕದು. ಔಷಧಿ, ಬಣ್ಣ, ಗೊಂಬೆ, ಮುಖಕ್ಕೆ ಹಚ್ಚುವ ಲೇಪ. ನಿಜವಾದ ಬೆಲೆ ಹೊರಗೆ. ಚೀನಾದಲ್ಲಿ ಕೆಂಪು ಮರದ ಅಭಿಜಾತ ಪೀಠೋಪಕರಣಗಳ ಸಂಪ್ರದಾಯವಿದೆ. ಅದರಲ್ಲಿ ಜಿತಾನ್ ಎಂದು ಕರೆಯುವ ಅತಿ ಗೌರವದ ಕಟ್ಟಿಗೆ ಇದೇ. ಜಪಾನಿನಲ್ಲಿ ಶಾಮಿಸೆನ್ ವಾದ್ಯಕ್ಕೆ ಇದನ್ನು ಬಳಸುತ್ತಾರೆ. ಹಾಗಾಗಿ ಇಲ್ಲಿ ಕಳ್ಳನಿಗೆ ಬೇರು ಬೇಡ, ನೇರವಾದ ದಪ್ಪ ದಿಮ್ಮಿ ಬೇಕು. ಅದನ್ನು ಬಂದರಿನವರೆಗೆ ಸಾಗಿಸಬೇಕು. ಆ ದಾರಿಯಲ್ಲಿ ಚೆನ್ನೈಯೂ ಬರುತ್ತದೆ, ಬೆಂಗಳೂರೂ ಬರುತ್ತದೆ. ನಮ್ಮ ಊರುಗಳ ಗೋದಾಮಿನಲ್ಲಿ ದಿಮ್ಮಿ ಸಿಗುವುದಕ್ಕೆ ಕಾರಣ ಇದು. ಆ ಮರ ಇಲ್ಲಿ ಬೆಳೆದದ್ದಲ್ಲ, ಇಲ್ಲಿ ಹಾದು ಹೋಗುವುದು.

ಕೊಡಲಿ ಹಿಡಿಯುವವರು ಮತ್ತು ಹಣ ಎಣಿಸುವವರು ಬೇರೆ ಬೇರೆ. 2015ರ ಏಪ್ರಿಲ್ 7ರಂದು ಶೇಷಾಚಲ ಕಾಡಿನಲ್ಲಿ ಪೊಲೀಸರ ಗುಂಡಿಗೆ 20 ಮಂದಿ ಸತ್ತರು. ಅವರು ತಮಿಳುನಾಡಿನಿಂದ ಬಂದ ಕೂಲಿಯವರು. ಆ ಘಟನೆಯ ಬಗ್ಗೆ ಮಾನವ ಹಕ್ಕುಗಳ ಪ್ರಶ್ನೆಗಳು ಎದ್ದವು. ಆಮೇಲೆ ಆಂಧ್ರ ಶಿಕ್ಷೆಯನ್ನು ಕಠಿಣಗೊಳಿಸಿತು, ತಿರುಪತಿಯಲ್ಲಿ ವಿಶೇಷ ಕಾರ್ಯಪಡೆ ಕೆಲಸ ಮಾಡುತ್ತಿದೆ. ಮರ ಕಡಿಯುವವನನ್ನು ಎಷ್ಟು ಬಾರಿ ಹಿಡಿದರೂ ಇನ್ನೊಬ್ಬ ಬಡವ ಸಿಗುತ್ತಾನೆ ಎಂಬುದು ಈ ವ್ಯವಹಾರದ ಕ್ರೂರ ಗಣಿತ.

ಬೆಳೆಸಿದರೆ ಕಾಡು ಉಳಿಯುತ್ತದೆಯೇ?

ಈಗಿನ ಚರ್ಚೆಯ ಹೊಟ್ಟೆಯಲ್ಲಿರುವ ಪ್ರಶ್ನೆ ಇದು. ಬೆಳೆಗಾರರು ಹೇಳುವುದು ಸರಳವಾಗಿದೆ. ಜಮೀನಿನಲ್ಲಿ ಬೆಳೆದ ಮರ ಸುಲಭವಾಗಿ, ಕಾನೂನುಬದ್ಧವಾಗಿ ಮಾರಲು ಬಂದರೆ ಮಾರುಕಟ್ಟೆಗೆ ಮಾಲು ಬರುತ್ತದೆ, ಬೆಲೆ ಇಳಿಯುತ್ತದೆ, ಕಳ್ಳನಿಗೆ ಕಾಡು ಹೊಕ್ಕುವ ಆಸೆ ಕಡಿಮೆಯಾಗುತ್ತದೆ. ಇಪ್ಪತ್ತು ಮೂವತ್ತು ವರ್ಷ ಕಾದ ರೈತನಿಗೆ ಪರವಾನಗಿಯ ಹೆಸರಲ್ಲಿ ಇನ್ನೂ ಅಲೆದಾಡಿಸುವುದು ಅನ್ಯಾಯ ಎಂಬ ಮಾತೂ ಇದೆ. ಅದರಲ್ಲಿ ಹುರುಳಿದೆ.

ಸಂರಕ್ಷಕರ ಆತಂಕ ಬೇರೆ. ತೋಟದ ದಿಮ್ಮಿ, ಕಾಡಿನ ದಿಮ್ಮಿ ಲಾರಿಯಲ್ಲಿ ಪಕ್ಕ ಪಕ್ಕ ಇದ್ದರೆ ಚೆಕ್‌ಪೋಸ್ಟಿನ ಸಿಬ್ಬಂದಿ ಬರಿಗಣ್ಣಿನಿಂದ ಹೇಗೆ ಗುರುತಿಸಬೇಕು? ತೋಟದ ಕಾಗದ ತೋರಿಸಿ ಕಾಡಿನ ಮರ ಸಾಗಿಸುವ ಅವಕಾಶ ಹುಟ್ಟುತ್ತದೆ. ವಶಪಡಿಸಿಕೊಂಡ ದಾಸ್ತಾನನ್ನು ಸರ್ಕಾರವೇ ಹೊರದೇಶಕ್ಕೆ ಮಾರಿದರೆ ಅಲ್ಲಿನ ಕೊಳ್ಳುವವರ ಹಸಿವು ಆರುವ ಬದಲು ಹೆಚ್ಚಬಹುದು. ಇನ್ನೊಂದು ವಾದ ಅರಣ್ಯ ಇಲಾಖೆಗಳ ಒಳಗಿನಿಂದ ಬರುತ್ತದೆ: ಗೋದಾಮಿನಲ್ಲಿ ಟನ್‌ಗಟ್ಟಲೆ ಮರ ಮಳೆ, ಬಿಸಿಲಿಗೆ ಕೊಳೆಯುತ್ತಾ ಕುಳಿತರೆ ಯಾರಿಗೆ ಲಾಭ? ಮಾರಿ ಬಂದ ಹಣ ಕಾಡಿನ ಕಾವಲಿಗಾದರೂ ಆಗಲಿ.

ನನ್ನ ಲೆಕ್ಕದಲ್ಲಿ ಎರಡು ಮರಗಳಿಗೆ ಒಂದೇ ಉತ್ತರ ಕೊಡುವುದೇ ತಪ್ಪು. ಶ್ರೀಗಂಧದಲ್ಲಿ ಬೆಳೆಗಾರರ ವಾದಕ್ಕೆ ತೂಕ ಜಾಸ್ತಿ. ಮರದ ಹರವು ದೊಡ್ಡದು, ಹೊಲದ ಬದುವೇ ಅದರ ಸಹಜ ಜಾಗಗಳಲ್ಲಿ ಒಂದು, ಮಾರುಕಟ್ಟೆ ನಮ್ಮ ರಾಜ್ಯದಲ್ಲೇ ಇದೆ. ಸಾಬೂನು, ಎಣ್ಣೆಯ ಸರ್ಕಾರಿ ಕಾರ್ಖಾನೆಗೇ ಮರ ಬೇಕು. ಒಡೆತನ ಬದಲಾದೊಡನೆ ರೈತನ ನಡವಳಿಕೆ ಬದಲಾದದ್ದನ್ನು 2001ರ ನಂತರದ ಕರ್ನಾಟಕ ತೋರಿಸಿದೆ. ಹಾಗೆಂದು ತೋಟ ಹೆಚ್ಚಿದ ಮಾತ್ರಕ್ಕೆ ಕಾಡಿನ ಗಂಧ ಚೇತರಿಸಿಕೊಳ್ಳುವುದಿಲ್ಲ. ಕಳ್ಳನಿಗೆ ತೋಟವೂ ಒಂದೇ, ಕಾಡೂ ಒಂದೇ. ಇಂದು ಗಂಧ ಬೆಳೆದವರು ತಂತಿಬೇಲಿ, ನಾಯಿ, ಸಿಸಿಟಿವಿ ಎಂದು ಮಾಡುವ ಖರ್ಚನ್ನು ಜಾಹೀರಾತುಗಳು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಹದಿನೈದು ವರ್ಷಕ್ಕೆ ಕೋಟಿ ಎನ್ನುವವರು, ಆ ವಯಸ್ಸಿನ ಮರದಲ್ಲಿ ತಿರುಳು ಎಷ್ಟು ಕೂಡಿರುತ್ತದೆ ಎಂಬ ಮಾತನ್ನೂ ನುಂಗಿಬಿಡುತ್ತಾರೆ.

ರಕ್ತಚಂದನದಲ್ಲಿ ಸಂರಕ್ಷಕರ ಆತಂಕಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ. ಮನೆ ಚಿಕ್ಕದು, ಕೊಳ್ಳುವವರು ಹೊರದೇಶದವರು, ಮರ ಬೆಳೆಯಲು ದಶಕಗಳು ಬೇಕು. ಬೆಲೆ ಇಳಿಸುವಷ್ಟು ತೋಟದ ಮಾಲು ಬರುವ ಹೊತ್ತಿಗೆ ಬೆಟ್ಟದ ದಪ್ಪ ಮರಗಳು ಮುಗಿದಿರಬಹುದು. ಅದಕ್ಕೇ ಇಲ್ಲಿ ಕೋಟಾ, ಗುರುತು, ದಾಖಲೆ ಬಿಗಿಯಾಗಿರಬೇಕು. ಇದನ್ನು ಕಿರುಕುಳ ಎಂದು ತಳ್ಳಿಹಾಕಲಾಗದು.

ಕರ್ನಾಟಕದ ಬೆಳೆಗಾರನಿಗೆ ಇದರ ಅರ್ಥ

ಈಚಿನ ವರ್ಷಗಳಲ್ಲಿ ನಮ್ಮ ಬಯಲುಸೀಮೆಯ ರೈತರೂ ರಕ್ತಚಂದನ ನೆಡುತ್ತಿದ್ದಾರೆ. ನೆಡಬಹುದು, ತಪ್ಪೇನಿಲ್ಲ. ಆದರೆ ಕೋಲಾರದ ತೋಟದಲ್ಲಿ ಸಾವಿರ ಮರ ಎದ್ದರೂ ಕೆಂಪು ಪಟ್ಟಿಯ ಲೆಕ್ಕಕ್ಕೆ ಅವು ಬರುವುದಿಲ್ಲ. ಪಟ್ಟಿ ಎಣಿಸುವುದು ಸಹಜ ನೆಲೆಯಲ್ಲಿ ತಾನಾಗಿ ಬೆಳೆದ ಸಂತತಿಯನ್ನು. ಕಡಿಯಲೆಂದೇ ನೆಟ್ಟ ಸಾಲು ಕಾಡಿನ ಸಂತತಿಯಲ್ಲ. ಮರ ಎಲ್ಲ ಕಡೆ ಕಾಣುತ್ತಿದ್ದರೂ ಅಳಿವಿನಂಚು ಎಂಬ ಹಣೆಪಟ್ಟಿ ಹಾಗೇ ಉಳಿದಿದ್ದರೆ ಅದರಲ್ಲಿ ವಿರೋಧಾಭಾಸ ಇಲ್ಲ.

ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಈಗ ನೆಟ್ಟ ತೋಟಗಳು ಕಡಿತಕ್ಕೆ ಬರತೊಡಗಿದಾಗ ನಿಜವಾದ ಪರೀಕ್ಷೆ ಶುರುವಾಗುತ್ತದೆ. ಗಂಧಕ್ಕೆ ಕಡಿತದ ಅನುಮತಿ, ಸಾಗಾಟದ ಪರವಾನಗಿ ಬೇಕು. ರಕ್ತಚಂದನ ಹೊರದೇಶಕ್ಕೆ ಹೋಗಬೇಕಾದರೆ ಅದು ಬೆಳೆಸಿದ ಮರ ಎಂಬ ಪ್ರಮಾಣಪತ್ರವೂ ಜೊತೆಗಿರಬೇಕು. ಜೀವವೈವಿಧ್ಯ ಕಾಯ್ದೆಯಡಿ ಲಾಭಹಂಚಿಕೆಯ ಹಣವೂ ರಕ್ತಚಂದನ ಬೆಳೆದವರಿಗೆ ಬರತೊಡಗಿದೆ. ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ ಆಂಧ್ರದ ಬೆಳೆಗಾರರಿಗೆ ಅದನ್ನು ಹಂಚಿದೆ. ಇವೆಲ್ಲಕ್ಕೂ ಆಧಾರ ಒಂದೇ: ಈ ಮರ ಇಂಥ ವರ್ಷ, ಇಂಥ ಸರ್ವೆ ನಂಬರಿನಲ್ಲಿ ನೆಟ್ಟದ್ದು ಎಂಬ ದಾಖಲೆ.

ಆದ್ದರಿಂದ ಸಸಿ ತರುವ ದಿನವೇ ನರ್ಸರಿಯ ರಸೀದಿ ಎತ್ತಿಡುವುದು, ಪಹಣಿಯಲ್ಲಿ ಮರಗಳ ಜಾತಿ ಮತ್ತು ಸಂಖ್ಯೆ ಬರೆಸುವುದು, "ಚಂದನ" ಎಂದಷ್ಟೇ ಬರೆಸದೆ ಶ್ರೀಗಂಧವೋ ರಕ್ತಚಂದನವೋ ಸ್ಪಷ್ಟವಾಗಿ ನಮೂದಿಸುವುದು ಮುಖ್ಯ. ಇಪ್ಪತ್ತು ವರ್ಷದ ನಂತರ ಲಾರಿ ಚೆಕ್‌ಪೋಸ್ಟಿನಲ್ಲಿ ನಿಂತಾಗ ಒಂದು ಮರಕ್ಕೆ ಕೇಳುವ ಕಾಗದ ಇನ್ನೊಂದಕ್ಕೆ ನಡೆಯುವುದಿಲ್ಲ.